ಕೂಸು ಕೂಡುವ ಜಾಗ

ಪುಣೆಯ ಭವಾನಿ ಪೇಠೆಯಲ್ಲಿ ಬೆಲ್ಲ, ಶೇಂಗಾ ಅಡತಿ ಅಂಗಡಿ ನಡೆಸುತ್ತಿದ್ದ ಹೊಳಬಸಪ್ಪನವರು ಇನ್‌ಫ್ಲುಯೆಂಜಾ ಬೇನೆ ಬಂದ ವರ್ಷ ದಸರೆಯ ಹಿಂದುಮುಂದೆ ತೀರಿಕೊಂಡರು. ಅದೇ ವಾರದಲ್ಲಿ ಅವರ ಒಬ್ಬಳೇ ಮಗಳು ಶಿವಬಸವ್ವನೂ ಹೋದಳು. ಅವಳಿಗೆ ಒಂಬತ್ತು ವರ್ಷ. ಉಳಿದವಳು ಹೆಂಡತಿ ಬಸವಣ್ಣೆವ್ವ. ಅವಳಿಗೂ ಜ್ವರ ಏರಿ ಎಚ್ಚರ ತಪ್ಪಿತ್ತು. ಆಗಲೇ ಇಬ್ಬರನ್ನೂ ಒಯ್ದು ಮಣ್ಣು ಮಾಡಿ ಬಂದಿದ್ದರು. ಅವಳು ಎದ್ದು ಗೋಡೆಗೆ ಒರಗಿ ಕೂತ ದಿನ ಮನೆ ತೊಳೆದು ಸಾರಿಸಿ ಆಗಿತ್ತು, ಮಗಳ ಹಾಸಿಗೆ ಸುಟ್ಟು ಆಗಿತ್ತು. ಮೈದುನನ ಹೆಂಡತಿ ಭೀಮವ್ವ ಗಂಜಿ ತಂದು ಮುಂದಿಟ್ಟು, ಬಾಯಿಗೆ ಸೆರಗು ಹಿಡಿದುಕೊಂಡು ವಿಷಯ ಹೇಳಿದಳು. ಬಸವಣ್ಣೆವ್ವ ಕೇಳಿಸಿಕೊಂಡಳು, ಗಂಜಿ ಕುಡಿದಳು, ಮತ್ತೆ ಮಲಗಿದಳು.

ಅಳಲು ಆಗ ಮೈಯಲ್ಲಿ ಶಕ್ತಿ ಇರಲಿಲ್ಲ ಎಂದುಕೊಂಡರು ಜನ. ಆಮೇಲೆ ಶಕ್ತಿ ಬಂತು, ಅಳು ಬರಲಿಲ್ಲ. ರಬಕವಿಯಿಂದ ತವರಿನವರು ಬಂದು ಅವಳನ್ನು ತಬ್ಬಿಕೊಂಡು ಅತ್ತರು. ಅವಳು ಅವರ ಬೆನ್ನು ಸವರಿ ಸಮಾಧಾನ ಮಾಡಿ ಕಳಿಸಿದಳು. ಮೊದಮೊದಲು ಕನಿಕರಪಟ್ಟ ಓಣಿಯ ಹೆಂಗಸರು ಆಮೇಲೆ ಕಲ್ಲೆದೆಯವಳು ಎಂದರು. ಇನ್ನೂ ಕೆಲವು ದಿನ ಕಳೆದ ಮೇಲೆ ಆ ಮಾತನ್ನೂ ಬಿಟ್ಟರು. ಅವಳು ಮುಂಜಾನೆ ಏಳುತ್ತಿದ್ದಳು, ಲಿಂಗಪೂಜೆ ಮಾಡಿಕೊಳ್ಳುತ್ತಿದ್ದಳು, ಬಡಿಸಿದ್ದನ್ನು ಉಣ್ಣುತ್ತಿದ್ದಳು. ಸಾರಿಗೆ ಉಪ್ಪು ಹಾಕಲು ಮರೆತ ದಿನ ಭೀಮವ್ವ ತಾನೇ ಬಾಯಿಗಿಟ್ಟುಕೊಂಡು ಗಾಬರಿಯಾದಳು. ಬಸವಣ್ಣೆವ್ವ ಆಗಲೇ ಉಂಡು ಕೈ ತೊಳೆದುಕೊಂಡಿದ್ದಳು.

ಅಂಗಡಿ ಈಗ ಮೈದುನ ಕಾಡಪ್ಪನ ಕೈಯಲ್ಲಿತ್ತು. ಕೆಳಗೆ ಅಂಗಡಿ, ಮೇಲೆ ಮನೆ. ಕಾಡಪ್ಪ ದುಡಿಮೆಯ ಮನುಷ್ಯ. ಮಾತು ಒರಟು, ಮನಸ್ಸಿನಲ್ಲಿ ಕಪಟ ಇಲ್ಲ. ಅಣ್ಣ ಹೋದ ಮೇಲೆ ಅತ್ತಿಗೆಯ ಮುಂದೆ ಒಮ್ಮೆಯೂ ದನಿ ಏರಿಸಿರಲಿಲ್ಲ. ಎರಡು ವರ್ಷ ಹಾಗೇ ಸಾಗಿದ ಮೇಲೆ ಒಂದು ದಿನ ಅವನು ಚಾಳಿನ ಮಾತು ತೆಗೆದ.

ಗಂಜ ಪೇಠೆಯ ಅಂಚಿನಲ್ಲಿ, ನಾಗಝರಿ ಹಳ್ಳದ ದಂಡೆಗೆ, ಬಸವಣ್ಣೆವ್ವನ ಹೆಸರಿನಲ್ಲಿ ಒಂದು ಹಳೆಯ ವಖಾರಿ ಇತ್ತು. ಅವಳ ಲಗ್ನದ ಕಾಲಕ್ಕೆ ಅವಳ ಅಪ್ಪ ಕೊಂಡು ಕೊಟ್ಟಿದ್ದು. ಮಾಲು ಇಡಲು ಅದು ಈಗ ಬೇಡವಾಗಿತ್ತು, ತಗಡು ಹಾರಿಹೋಗಿತ್ತು. ಅದನ್ನು ಕೆಡವಿ ಬಾಡಿಗೆ ಖೋಲಿಗಳನ್ನು ಕಟ್ಟಿಸಿದರೆ ಹಮಾಲರು, ಕಾರಕೂನರು ಓಡಿ ಬರುತ್ತಾರೆ ಎಂಬುದು ಕಾಡಪ್ಪನ ಲೆಕ್ಕ. ಜಾಗ ಮಾತ್ರ ಒಳ್ಳೆಯದಲ್ಲ. ಮೇಲಿನ ಪೇಠೆಗಳ ಬಚ್ಚಲ ನೀರೆಲ್ಲ ಆ ಹಳ್ಳಕ್ಕೇ ಇಳಿಯುತ್ತಿತ್ತು. ಒಂದು ಬದಿಗೆ ಗಾಡಿ ಅಡ್ಡೆ, ಅಲ್ಲಿ ಎತ್ತುಗಳ ಗಂಜಳ ಇಂಗಿ ನೆಲವೇ ಹಳದಿಯಾಗಿತ್ತು. ಇನ್ನೊಂದು ಬದಿಗೆ ಎಣ್ಣೆಯ ಗಿರಣಿ, ಅದರ ಹೊಗೆ ಒಗೆದು ಒಣಹಾಕಿದ ಬಟ್ಟೆಗೆ ಮಸಿ ಮೆತ್ತುತ್ತಿತ್ತು. ಊರೊಳಗೆ ಖೋಲಿ ಸಿಗದ ಜನಕ್ಕೆ ಅದೇ ಸಾಕು ಎಂದ ಕಾಡಪ್ಪ. ಬಸವಣ್ಣೆವ್ವ ನಿನಗೆ ತಿಳಿದಂತೆ ಮಾಡು ಎಂದಳು.

ನಕಾಶೆ ತಯಾರಿಸಲು ಅವನು ಈರಣ್ಣನನ್ನು ಗೊತ್ತುಮಾಡಿದ. ಈರಣ್ಣ ನವಲಗುಂದದ ಕಡೆಯವನು. ಪುಣೆಯಲ್ಲೇ ಇಂಜಿನಿಯರಿಂಗ್ ಓದಿ ಸರಕಾರಿ ಕಚೇರಿಯಲ್ಲಿ ನಕಾಶೆ ಬರೆಯುವ ಕೆಲಸದಲ್ಲಿದ್ದ. ರವಿವಾರ ಪರಿಚಯದವರ ಮನೆಗಳಿಗೂ ಬರೆದುಕೊಡುತ್ತಿದ್ದ. ಮೂವತ್ತರ ಹರೆಯ, ತೆಳ್ಳಗಿನ ಮೈ, ತಲೆಯ ಮೇಲೆ ಕರಿ ಟೊಪ್ಪಿಗೆ. ಒಂದು ರವಿವಾರ ಅವನು ಮೇಲಿನ ಪಡಸಾಲೆಗೆ ಬಂದು ಜಮಖಾನೆಯ ಮೇಲೆ ಕಾಗದ ಬಿಚ್ಚಿ ನಾಲ್ಕು ಮೂಲೆಗೂ ತಂಬಿಗೆ, ಅಡಕೊತ್ತು ಇಟ್ಟ. ಎರಡು ಸಾಲು ಖೋಲಿಗಳು, ಬೆನ್ನಿಗೆ ಬೆನ್ನು. ನಡುವೆ ಗೋಡೆ, ಮುಂದೆ ಸಣ್ಣ ಕಟ್ಟೆ, ತುದಿಗೆ ಎಲ್ಲರಿಗೂ ಸೇರಿ ಬಚ್ಚಲು. ಬಸವಣ್ಣೆವ್ವನಿಗೆ ತೋರಿಸಿ ಹೂಂ ಅನ್ನಿಸಿಕೊಳ್ಳಬೇಕೆಂದು ಕಾಡಪ್ಪ ಅವಳನ್ನು ಕರೆದ. ಅವಳು ಬಂದು ಕೂತು ಚೌಕಗಳನ್ನು ನೋಡಿದಳು. ಒಲೆ ಎಲ್ಲಿ, ನೀರಿನ ಹರವಿ ಎಲ್ಲಿ, ಹಾಸಿಗೆ ಎಲ್ಲಿ ಎಂದು ಈರಣ್ಣ ಪೆನ್ಸಿಲಿನ ತುದಿಯಿಂದ ತೋರಿಸುತ್ತ ಹೋದ.

"ಕೂಸು ಎಲ್ಲಿ ಕೂಡಬೇಕ್ರಿ?" ಎಂದಳು ಬಸವಣ್ಣೆವ್ವ.

ಈರಣ್ಣನಿಗೆ ತಿಳಿಯಲಿಲ್ಲ. ಅವಳು ಬೆರಳಿಟ್ಟು ಹೇಳಿದಳು, "ತಾಯಿ ಇಲ್ಲಿ ಒಲಿ ಮುಂದ ಕೂಡತಾಳ. ಗಂಡ ಇಲ್ಲಿ ಮಲಗತಾನ. ಕೂಸು ಎಲ್ಲಿ ಕೂಡತದ?"

"ಕೂಸಿಗೇನ್ರಿ ವೈನಿ, ಎಲ್ಲ್ಯಾರ ಕೂಡತದ," ಎಂದ ಕಾಡಪ್ಪ.

ಅವಳು ಕಾಗದದ ಮೇಲಿಂದ ಬೆರಳು ತೆಗೆದಳು. ಆಮೇಲೆ ಈಗಲೇ ಏನೂ ಮಾಡುವುದು ಬೇಡ, ಎರಡು ವಾರ ಬಿಟ್ಟು ಬರಲಿ ಎಂದು ಹೇಳಿ ಎದ್ದು ಒಳಗೆ ಹೋದಳು.

ಆ ಪ್ರಶ್ನೆ ಅವಳ ಬಾಯಿಂದ ಹೇಗೆ ಬಂತು ಎಂಬುದು ಅವಳಿಗೇ ಗೊತ್ತಿರಲಿಲ್ಲ. ಬಂದ ಮೇಲೆ ಮಾತ್ರ ಅದು ಹೋಗಲಿಲ್ಲ. ಈ ಮನೆಯಲ್ಲಿ ಮಗಳು ಶಿವಿ ಎಲ್ಲಿ ಕೂಡುತ್ತಿದ್ದಳು? ಬಸವಣ್ಣೆವ್ವ ಒಂದೊಂದೇ ಜಾಗ ನೆನೆದಳು. ಮುಂದಿನ ಕಟ್ಟೆ ಬೇಡ, ಅಲ್ಲಿ ಗಾಡಿಗಳು ತಿರುಗುತ್ತವೆ ಎಂದು ಬೈದು ಒಳಗೆ ಕರೆಯುತ್ತಿದ್ದಳು. ಅಟ್ಟ ಬೇಡ, ಚೇಳು ಇರುತ್ತವೆ. ಮಾಳಿಗೆ ಬೇಡ, ಅದರ ಅಂಚಿಗೆ ಕುಂಬಿ ಗೋಡೆ ಇಲ್ಲ. ಒಲೆಯ ಹತ್ತಿರ ಬೇಡ, ಲಂಗಕ್ಕೆ ಕಿಡಿ ತಾಗುತ್ತದೆ. ಬೇಡ ಅಂದಿದ್ದೆಲ್ಲ ನೆನಪಿದೆ, ಕೂಡು ಅಂದಿದ್ದು ಒಂದೂ ನೆನಪಿಲ್ಲ. ಹುಡುಗಿ ಬದುಕಿ ದೊಡ್ಡವಳಾಗಿ, ಲಗ್ನವಾಗಿ ಬೇರೆ ಊರಿಗೆ ಹೋಗಿದ್ದರೆ, ತವರುಮನೆ ಅಂದ ಕೂಡಲೇ ಅವಳ ಕಣ್ಣ ಮುಂದೆ ಏನು ಬರುತ್ತಿತ್ತು? ಮಣ್ಣಿನ ಗೋಡೆಯೇ? ಬಸವಣ್ಣೆವ್ವನಿಗೆ ಇದರಿಂದ ದುಃಖವೇನೂ ಆಗಲಿಲ್ಲ. ಎಲ್ಲೋ ಇಟ್ಟ ಬೀಗದ ಕೈ ಸಿಗದೆ ಹೋದಾಗ ಮನುಷ್ಯ ಮನೆಯೆಲ್ಲ ತಿರುಗುತ್ತಾನಲ್ಲ, ಹಾಗೆ ಅವಳು ತಿರುಗಿದಳು.

ತನ್ನ ಮನಸ್ಸಿಗೆ ಒಳ್ಳೆಯದು ಕೆಟ್ಟದ್ದು ಒಂದೂ ಹತ್ತುತ್ತಿಲ್ಲವಾದ್ದರಿಂದ ಬೇರೆಯವರನ್ನೇ ಕೇಳಬೇಕೆಂದು ಅವಳು ನಿಶ್ಚಯಿಸಿದಳು. ಮೊದಲು ಕೇಳಿದ್ದು ಶೇಂಗಾ ಹಸನು ಮಾಡಲು ಬರುತ್ತಿದ್ದ ರಂಗೂಬಾಯಿಯನ್ನು. ನೀನು ಸಣ್ಣವಳಿದ್ದಾಗಿನ ಮನೆಯಲ್ಲಿ ಒಳ್ಳೆಯದು ಅಂತ ಏನು ನೆನಪಿದೆ ಎಂದು ತನ್ನ ಅರೆಬರೆ ಮರಾಠಿಯಲ್ಲಿ ಕೇಳಿದಳು. ರಂಗೂಬಾಯಿ ನಕ್ಕುಬಿಟ್ಟಳು. ಮನೆ ಎಲ್ಲಿಯದು, ರೈಲು ಹಳಿಯ ಮಗ್ಗುಲಿಗೆ ತಗಡು ಹೊದಿಸಿದ ಗುಡಿಸಲು, ಹೊಟ್ಟೆ ತುಂಬ ಉಂಡಿದ್ದೇ ನೆನಪಿಲ್ಲ, ಒಳ್ಳೆಯದನ್ನು ಎಲ್ಲಿಂದ ತರಲಿ ಎಂದಳು. ಮೊರದಲ್ಲಿ ಅವಳ ಕೈ ಆಡುತ್ತಲೇ ಇತ್ತು. ಬಹಳ ಹೊತ್ತಾದ ಮೇಲೆ, ಹಿಂದಿನ ಗೋಡೆಯಲ್ಲಿ ಒಂದು ಇಟ್ಟಿಗೆ ಬಿದ್ದು ತೂತಾಗಿತ್ತು, ಅದರಲ್ಲಿ ನಾನು ಒಡೆದ ಬಳೆ ಚೂರು ಇಡುತ್ತಿದ್ದೆ, ಅವ್ವ ಆ ತೂತು ಮಾತ್ರ ಎಂದೂ ಗುಡಿಸಲಿಲ್ಲ ಎಂದಳು.

ಆಮೇಲೆ ಬಸವಣ್ಣೆವ್ವ ಹಮಾಲರ ಹೆಂಡಂದಿರನ್ನು ಕೇಳಿದಳು, ಹಾಲಿನವಳನ್ನು ಕೇಳಿದಳು, ಮಠಕ್ಕೆ ಬರುವ ಮುದುಕಿಯರನ್ನು ಕೇಳಿದಳು. ಜನ ಮೊದಲು ಅನುಮಾನದಿಂದ ನೋಡುತ್ತಿದ್ದರು, ಕೊನೆಗೆ ಏನಾದರೊಂದು ಹೇಳುತ್ತಿದ್ದರು. ಚಳಿಯ ದಿನ ಅವ್ವ ರೊಟ್ಟಿ ಬಡಿಯುವಾಗ ಅವಳ ಬೆನ್ನಿಗೂ ಗೋಡೆಗೂ ನಡುವೆ ತೂರಿಕೊಂಡು ಕೂಡುವುದು, ಬಡಿದ ಸದ್ದು ಬೆನ್ನೊಳಗಿಂದ ಕೇಳಿಸುತ್ತಿತ್ತು ಎಂದಳು ಒಬ್ಬಳು. ಸೂರಿನ ಕೆಳಗೆ ಮಳೆಗೆ ಕಾಲಷ್ಟೇ ಚಾಚಿ ಕೂಡುತ್ತಿದ್ದೆ ಎಂದಳು ಇನ್ನೊಬ್ಬಳು. ಅಥಣಿ ಕಡೆಯ ಒಬ್ಬ ಮುದುಕಿಗೆ ಸಿಟ್ಟೇ ಬಂತು. ಅದನ್ನೆಲ್ಲ ತಗೊಂಡು ಏನು ಮಾಡುತ್ತೀ ಎಂದು ಎದ್ದು ಹೋದಳು. ಮರುದಿನ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತು ಹೇಳಿದಳು. ಅವಳ ಅಪ್ಪ ರುಮಾಲು ಸುತ್ತಿಕೊಳ್ಳುವಾಗ ಅದರ ಇನ್ನೊಂದು ತುದಿ ಹಿಡಿದು ನಿಲ್ಲುವುದು ಅವಳ ಕೆಲಸವಾಗಿತ್ತಂತೆ. ಅಂಗಳದ ಆ ತುದಿಗೆ ನಿಂತು, ಅವನು ಸುತ್ತಿದಂತೆಲ್ಲ ಒಂದೊಂದೇ ಹೆಜ್ಜೆ ಹತ್ತಿರ ಬರಬೇಕು. ಪೂರ್ತಿ ಸುತ್ತಿ ಮುಗಿಯುವ ಹೊತ್ತಿಗೆ ಅಪ್ಪನ ಎದೆಗೆ ಬಂದು ಮುಟ್ಟುತ್ತಿದ್ದಳಂತೆ.

ಈರಣ್ಣ ಮತ್ತೆ ಬಂದ ದಿನ ಬಸವಣ್ಣೆವ್ವ ಇದೆಲ್ಲವನ್ನೂ ಕಿರಾಣಿ ಸಾಮಾನು ಹೇಳಿದ ಹಾಗೆ ಒಂದರ ಹಿಂದೆ ಒಂದು ಹೇಳಿದಳು. ಅವನು ಮೊದಲು ನಸುನಗುತ್ತ ಕೇಳುತ್ತಿದ್ದ. ರುಮಾಲಿನ ಮಾತು ಬಂದಾಗ ಅಂಗಳ ಎಷ್ಟು ಉದ್ದ ಇದ್ದೀತು ಎಂದು ತನ್ನಷ್ಟಕ್ಕೇ ಲೆಕ್ಕ ಹಾಕತೊಡಗಿದ. ಕೊನೆಗೆ, "ನಿಮ್ಮದೇನ್ರಿ ಅಕ್ಕಾರ?" ಎಂದು ಕೇಳಿದ.

ಬಸವಣ್ಣೆವ್ವ ಯೋಚಿಸಿದಳು. ರಬಕವಿಯ ಮನೆಯ ಕಂಬ, ತೊಲೆ, ಹಗೇವು, ಮಗ್ಗದ ಕುಣಿ ಎಲ್ಲ ನೆನಪಾದವು. ಆದರೆ ಯಾರದೋ ಮನೆ ನೋಡಿ ಬಂದಂತೆ ನೆನಪಾದವು. "ನನಗ ಯಾವುದೂ ನೆನಪಾಗೂದಿಲ್ರಿ," ಎಂದಳು.

ಹೊಸ ನಕಾಶೆಯಲ್ಲಿ ಬೆನ್ನಿಗೆ ಬೆನ್ನು ಹೋಯಿತು. ನಡುವೆ ಉದ್ದದ ಅಂಗಳ, ಎರಡೂ ಬದಿಗೆ ಖೋಲಿಗಳು. ಪ್ರತಿ ಬಾಗಿಲ ಪಕ್ಕ ಸೂರಿನ ಕೆಳಗೆ ಒಂದು ಕಲ್ಲಿನ ಆಸನ. ಒಲೆಯನ್ನು ಗೋಡೆಯಿಂದ ಈಚೆ ತಂದು, ಅಡುಗೆ ಮಾಡುವವಳ ಹಿಂದೆ ಒಂದು ಮೈ ಹಿಡಿಯುವಷ್ಟು ಜಾಗ. ನೆಲದಿಂದ ಸ್ವಲ್ಪವೇ ಮೇಲೆ, ದೊಡ್ಡವರು ಬಗ್ಗಬೇಕಾಗುವಷ್ಟು ಕೆಳಗೆ, ಗೋಡೆಯಲ್ಲಿ ಒಂದು ಗೂಡು. ಹಳ್ಳದ ಕಡೆಗೆ ಮಾತ್ರ ಕಿಂಡಿಯೂ ಇಲ್ಲದ ಗಟ್ಟಿ ಗೋಡೆ. ಆ ಹೊಲಸು ಕಣ್ಣಿಗೂ ಬೀಳಬಾರದು, ಮೂಗಿಗೂ ಬರಬಾರದು ಎಂಬುದರಲ್ಲಿ ಇಬ್ಬರದೂ ಒಂದೇ ಮಾತಿತ್ತು.

ಕಾಡಪ್ಪನಿಗೆ ಇದು ಒಗ್ಗಲಿಲ್ಲ. ಖೋಲಿಗಳು ಕಡಿಮೆಯಾದವು, ಅಂಗಳಕ್ಕೆ ಯಾರು ಬಾಡಿಗೆ ಕೊಡುತ್ತಾರೆ ಎಂದ. ಬಸವಣ್ಣೆವ್ವ ಹೀಗೇ ಇರಲಿ ಎಂದಳು. ಮರುದಿನ ಇನ್ನೊಂದು ರೀತಿಯಲ್ಲಿ ಹೇಳಿ ನೋಡಿದ. ಹೀಗೇ ಇರಲಿ ಎಂದಳು. ಮಾರ್ಕೆಟ್ಟಿನಲ್ಲಿ ದಿನ ಬೆಳಗಾದರೆ ಜಗಳ, ಚೌಕಾಶಿಯಲ್ಲೇ ಬದುಕಿದ ಮನುಷ್ಯ ಅವನು. ಏನೂ ಬೇಡವಾದವಳ ಹತ್ತಿರ ಚೌಕಾಶಿ ಮಾಡುವುದು ಹೇಗೆ ಎಂದು ತಿಳಿಯದೆ ಸೋತ. ದೀಪಾವಳಿ ಮುಗಿದ ಮೇಲೆ ಪಂಢರಿನಾಥ ಗವಂಡಿಯನ್ನು ಕರೆಸಿ ಪಾಯ ತೋಡಿಸಿದರು. ಮಳೆಗಾಲಕ್ಕೆ ಮುಂಚೆ ಹಂಚು ಹೊದಿಸಿ ಆಯಿತು.

ಖೋಲಿಗಳೆಲ್ಲ ಒಂದೇ ತಿಂಗಳಲ್ಲಿ ತುಂಬಿದವು. ಬಸವಣ್ಣೆವ್ವ ಊಟವಾದ ಮೇಲೆ ದಿನಾ ಅಲ್ಲಿಗೆ ಹೋಗಿ ತಲಬಾಗಿಲ ಹತ್ತಿರ ಕೂತು ನೋಡುತ್ತಿದ್ದಳು. ಅಂದುಕೊಂಡಂತೆ ಏನೂ ಆಗಲಿಲ್ಲ. ಕೆಳಗಿನ ಗೂಡುಗಳಲ್ಲಿ ಚಿಮಣಿ ದೀಪ ಇಟ್ಟು ಗೋಡೆ ಕರಿ ಹಿಡಿಯಿತು. ಒಲೆಯ ಹಿಂದಿನ ಜಾಗದಲ್ಲಿ ಕಟ್ಟಿಗೆ, ಬೆರಣಿ ಒಟ್ಟಿದರು. ಕಲ್ಲಿನ ಆಸನಗಳ ಮೇಲೆ ಗಂಡಸರು ಇಸ್ಪೀಟೆಲೆ ಆಡುತ್ತ ಕೂತು ಪಕ್ಕಕ್ಕೆ ತಂಬಾಕು ಉಗುಳಿದರು. ಅಂಗಳದಲ್ಲಿ ಒಬ್ಬ ಆಡು ಕಟ್ಟಿದ, ಇನ್ನೊಬ್ಬ ಮುರಿದ ಕೈಗಾಡಿ ತಂದು ನಿಲ್ಲಿಸಿದ. ಮೊದಲ ಮಳೆಗೆ ಹಳ್ಳ ಏರಿ, ಮೋರಿಯ ನೀರು ಹಿಂದಕ್ಕೆ ತಳ್ಳಿ ಅಂಗಳದಲ್ಲಿ ನಿಂತಿತು. ಬಾಡಿಗೆಯ ಹೆಂಗಸರು ಮೊಣಕಾಲ ಮೇಲೆ ಸೀರೆ ಎತ್ತಿಕೊಂಡು, ಕಟ್ಟಿಸಿದವರ ಹೆಸರು ಹಿಡಿದು ಶಾಪ ಹಾಕಿದರು. ಶಾಪ ತಿಂದವಳು ಅಲ್ಲೇ ಕೂತಿದ್ದಾಳೆ ಎಂದು ಗೊತ್ತಿದ್ದೂ ಹಾಕಿದರು.

ಈರಣ್ಣ ಬಂದು ನೋಡಿ ಬಹಳ ನೊಂದುಕೊಂಡ. ಮೋರಿ ಎತ್ತರಿಸುವುದಕ್ಕೆ ವ್ಯವಸ್ಥೆ ಮಾಡಿದ. ಗೂಡಿನಲ್ಲಿ ದೀಪ ಇಡಬೇಡಿರೆಂದು ಜನಕ್ಕೆ ಹೇಳಿಸಲೇ ಎಂದು ಕೇಳಿದ. ಬಸವಣ್ಣೆವ್ವ ಬೇಡ ಅಂದಳು. ಅದು ಅವರು ಇರುವ ಮನೆ, ಹೇಗೆ ಬೇಕೋ ಹಾಗೆ ಇರಲಿ ಎಂದಳು. ಅವಳಿಗೆ ನಿರಾಶೆಯೂ ಆಗಿರಲಿಲ್ಲ.

ತುದಿಯ ಖೋಲಿಗೆ ಶಿವರುದ್ರಪ್ಪನೆಂಬ ಕಾರಕೂನ ಬಂದಿದ್ದ. ಊರಿನ ಲಷ್ಕರ ಭಾಗದಲ್ಲಿ, ಸೈನ್ಯದ ಲೆಕ್ಕಪತ್ರದ ಕಚೇರಿಯಲ್ಲಿ ಅವನ ನೌಕರಿ. ಕುಂದಗೋಳದವರು. ಹೆಂಡತಿ ಸಾವಂತ್ರವ್ವ, ಆರು ವರ್ಷದ ಮಗಳು ತಂಗೆವ್ವ. ಆ ಖೋಲಿ ಹಳ್ಳಕ್ಕೆ ಎಲ್ಲಕ್ಕಿಂತ ಹತ್ತಿರ. ಗಿರಣಿಯ ಎತ್ತರದ ಗೋಡೆ ಅದರ ಬಾಗಿಲಿಗೆ ಅಡ್ಡವಾಗಿ ಮಧ್ಯಾಹ್ನಕ್ಕೇ ಕತ್ತಲಾಗುತ್ತಿತ್ತು. ಒಂದು ದಿನ ಸಾವಂತ್ರವ್ವ ಬಂದು ಹಳ್ಳದ ಕಡೆಗೆ ಒಂದು ಕಿಟಕಿ ಒಡೆಸಿಕೊಡಬೇಕೆಂದು ಕೇಳಿದಳು. ಬಸವಣ್ಣೆವ್ವ ವಾಸನೆ ಬರುತ್ತದೆ ಎಂದಳು.

"ಬಂದ್ರ ಬರ್ಲಿ ರೀ ಅಕ್ಕಾರ. ಹಗಲೆಲ್ಲಾ ದೀಪ ಹಚ್ಚಿ ಕೂತ್ರ ಹುಡುಗಿ ಮಾರಿನ ನನಗ ಕಾಣೂದಿಲ್ಲ."

ಪಂಢರಿನಾಥ ಬಂದು ಗೋಡೆ ಒಡೆದು, ಎರಡು ಸರಳು ಬಿಗಿದು ಕಿಟಕಿ ಕೂಡಿಸಿದ. ಗೋಡೆ ದಪ್ಪಗಿದ್ದುದರಿಂದ ಕಿಟಕಿಯ ತಳ ಒಂದು ಮಂಚದಂತೆ ಅಗಲವಾಯಿತು. ಅಂದವಾದ ತನ್ನ ಗೋಡೆಗೆ ತೂತು ಬಿದ್ದದ್ದು ಈರಣ್ಣನಿಗೆ ಅಷ್ಟಾಗಿ ಹಿಡಿಸಲಿಲ್ಲ.

ಎರಡು ಮಳೆಗಾಲ ಕಳೆದವು. ಶಿವರುದ್ರಪ್ಪನಿಗೆ ಬೆಳಗಾವಿಗೆ ವರ್ಗವಾಯಿತು. ಹೊರಡುವ ದಿನ ಟಾಂಗಾ ಬಂದು ತಲಬಾಗಿಲಲ್ಲಿ ನಿಂತಿತು. ಟ್ರಂಕು, ಹಾಸಿಗೆ ಸುರುಳಿ, ಬೀಸುಕಲ್ಲು ಏರಿಸಿ ಆಯಿತು. ಹುಡುಗಿ ಮಾತ್ರ ಬರಲಿಲ್ಲ. ಒಳಗಿನಿಂದ ಚೀರಾಟ ಕೇಳಿಸಿತು. ಬಸವಣ್ಣೆವ್ವ ಎದ್ದು ಹೋಗಿ ನೋಡಿದಳು. ಬರಿದಾದ ಖೋಲಿಯಲ್ಲಿ ತಂಗೆವ್ವ ಕಿಟಕಿಯ ತಳದ ಮೇಲೆ ಕೂತು, ಕಾಲುಗಳನ್ನು ಸರಳಿನ ಆಚೆ ಇಳಿಬಿಟ್ಟು, ಎರಡೂ ಕೈಯಿಂದ ಸರಳು ಹಿಡಿದಿದ್ದಳು. ತಾಯಿ ಅವಳ ಸೊಂಟ ಹಿಡಿದು ಎಳೆಯುತ್ತಿದ್ದಳು. ಬಸವಣ್ಣೆವ್ವನನ್ನು ಕಂಡು ಸಾವಂತ್ರವ್ವನಿಗೆ ನಾಚಿಕೆಯಾಯಿತು. ಈ ಹೊಲಸು ಜಾಗ ಬಿಟ್ಟು ಹೋಗುವುದಕ್ಕೆ ಯಾಕೆ ಹೀಗೆ ಮಾಡುತ್ತದೋ ಎಂದು ಅಂದು, ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಬಸವಣ್ಣೆವ್ವ ಅವಳಿಗೆ ಹೊರಗೆ ನಿಲ್ಲಲು ಹೇಳಿ, ಹುಡುಗಿಯ ಪಕ್ಕ ಕಿಟಕಿಯ ಮೇಲೆ ಕೂತಳು.

"ಇಲ್ಲೇನೈತಿ?" ಎಂದು ಕೇಳಿದಳು.

ತಂಗೆವ್ವ ಮೂಗು ಒರೆಸಿಕೊಂಡಳು. "ಎಮ್ಮಿ ಬರ್ತಾವ."

"ಹೊಲಸ ವಾಸನಿ ಬರೂದಿಲ್ಲೇನು?"

"ವಾಸನಿನೂ ಬರ್ತದ, ಎಮ್ಮಿನೂ ಬರ್ತಾವ." ಹುಡುಗಿ ಕೈ ಚಾಚಿ ತೋರಿಸಿದಳು. "ಅಕಿ ಕ್ವಾಡ ಮುರದಾಕಿ. ಅಕಿ ಎಲ್ಲಾರಕ್ಕಿಂತ ಹಿಂದ ಬರ್ತಾಳ. ನಾ ಕರದ್ರ ಮಾರಿ ಎತ್ತತಾಳ. ನಾ ಹ್ವಾದ್ರ ಅಕಿನ್ನ ಯಾರು ಕರೀತಾರ?"

ಬಸವಣ್ಣೆವ್ವ ಹೊರಗೆ ನೋಡಿದಳು. ಗೌಳಿಗರ ಎಮ್ಮೆಗಳು ಕರಿ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದವು. ಒಂದರ ಬೆನ್ನ ಮೇಲೆ ಬೆಳ್ಳಕ್ಕಿ ನಿಂತಿತ್ತು, ಅದಕ್ಕೆ ಒಂದು ಚೂರೂ ಕೊಳೆ ಹತ್ತಿರಲಿಲ್ಲ. ಆಚೆ ದಂಡೆಯಲ್ಲಿ ಯಾರೋ ಹೆಂಗಸು ತಾಮ್ರದ ಹಂಡೆ ಬೆಳಗುತ್ತಿದ್ದಳು, ತಿರುಗಿಸಿದಾಗೊಮ್ಮೆ ಹಂಡೆ ಬಿಸಿಲಿಗೆ ಹೊಳೆಯುತ್ತಿತ್ತು. ಇಪ್ಪತ್ತು ವರ್ಷದಿಂದ ಈ ಹಳ್ಳದ ಮಗ್ಗುಲಿಗೆ ಓಡಾಡಿದ್ದರೂ ಬಸವಣ್ಣೆವ್ವ ಇದನ್ನು ನೋಡಿರಲಿಲ್ಲ. ಮೂಗಿಗೆ ಸೆರಗು ಹಿಡಿದುಕೊಂಡು ದಾಟಿ ಹೋಗಿದ್ದಳು ಅಷ್ಟೇ. ಹುಡುಗಿಯ ಜೊತೆ ಅವಳೂ ಆ ಎಮ್ಮೆಯ ದಾರಿ ನೋಡಿದಳು. ಸ್ವಲ್ಪ ಹೊತ್ತಿಗೆ ಮುರಿದ ಕೋಡಿನ ಎಮ್ಮೆ ದಂಡೆ ಇಳಿದು ಬಂತು. ತಂಗೆವ್ವ ಕೂಗಿದಳು, ಅದು ಮುಖ ಎತ್ತಿತು. ಆಮೇಲೆ ಹುಡುಗಿ ತಾನೇ ಕೆಳಗಿಳಿದು, ಯಾರ ಮುಖವನ್ನೂ ನೋಡದೆ ಹೋಗಿ ಟಾಂಗಾ ಹತ್ತಿದಳು.

ಅವರು ಹೋದ ಮೇಲೂ ಬಸವಣ್ಣೆವ್ವ ಅಲ್ಲೇ ಇದ್ದಳು. ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದಳು. ಕಾಡಪ್ಪ ಉಣ್ಣಲು ಕೂತಿದ್ದ. ಹಳ್ಳದ ಕಡೆಯ ಎಲ್ಲ ಖೋಲಿಗಳಿಗೂ ಕಿಟಕಿ ಒಡೆಸಬೇಕು, ತಳ ಅಗಲವಾಗಿ ಇಡಿಸಬೇಕು ಎಂದು ಅವಳು ಹೇಳಿದಳು. ಅವನು ಯಾಕೆ ಎಂದು ಕೇಳಿದ. ಅವಳು ಹುಡುಗಿಯ ಸಂಗತಿ ಹೇಳಿದಳು. ಕಾಡಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಭೀಮವ್ವ ಇನ್ನಷ್ಟು ಪಲ್ಯ ಬಡಿಸಲು ಬಂದರೆ ಕೈ ಅಡ್ಡ ಹಿಡಿದ.

"ಶಿವಿನೂ ಹಂಗ ಕೂಡತಿದ್ಲು ವೈನಿ," ಎಂದ.

"ಎಲ್ಲಿ?"

"ಕೆಳಗ, ಅಂಗಡ್ಯಾಗ. ಶೇಂಗಾ ಚೀಲದ ಥಪ್ಪಿ ಮ್ಯಾಲೆ. ಚೀಲ ಒಟ್ಟಿ ಒಟ್ಟಿ ಥಪ್ಪಿ ಬೆಳಕಿಂಡಿ ಮಟಾ ಬಂದಾಗ ನಾನ ಎತ್ತಿ ಕೂಡಸ್ತಿದ್ದೆ. ನೀವು ಮಧ್ಯಾಹ್ನ ಅಡ್ಡಾಗಿದ್ದಾಗ ಇಳಿದು ಬರ್ತಿದ್ಲು."

ಕಾಡಪ್ಪ ತಾಟಿನತ್ತ ನೋಡುತ್ತಲೇ ಹೇಳಿದ, "ಅಲ್ಲಿ ಕೂತು ಶೇಂಗಾ ತಿಂದು ಸಿಪ್ಪಿ ಹಮಾಲರ ತಲಿ ಮ್ಯಾಲೆ ಒಗೀತಿದ್ಲು. ಅವ್ರು ಕಾಗಿ ಬಂತು, ಕಾಗಿ ಬಂತು ಅಂತ ಮ್ಯಾಲ ನೋಡತಿದ್ರು. ಅಕಿ ಚೀಲದ ಹಿಂದ ಅಡಗತಿದ್ಲು."

"ನನಗ ಯಾಕ ಹೇಳಲಿಲ್ಲ?"

"ಅವ್ವಗ ಹೇಳಬ್ಯಾಡ ಕಾಕಾ ಅಂದಿದ್ಲಲ್ರಿ," ಎಂದ ಕಾಡಪ್ಪ. ಶಿವಿ ತೀರಿಕೊಂಡ ಮೇಲೂ ಇಷ್ಟು ವರ್ಷ ಅವನು ಆ ಮಾತು ನಡೆಸಿಕೊಂಡು ಬಂದಿದ್ದ. ಅವನ ಕಣ್ಣು ತುಂಬಿತ್ತು. ಭೀಮವ್ವ ಪಾತ್ರೆ ಕೆಳಗಿಟ್ಟು ಗೋಡೆಯ ಕಡೆ ತಿರುಗಿದಳು. ಬಸವಣ್ಣೆವ್ವ ಮಾತ್ರ ಅಳಲಿಲ್ಲ. ಯಾವ ಕಡೆಯ ಬೆಳಕಿಂಡಿ, ಬೀದಿಯ ಕಡೆಯದೋ ಹಿತ್ತಲ ಕಡೆಯದೋ ಎಂದು ಕೇಳಿದಳು. ಬೀದಿಯ ಕಡೆಯದು ಎಂದ.

ಮರುದಿನ ಅವಳು ಕೆಳಗೆ ಅಂಗಡಿಗೆ ಇಳಿದಳು. ಗಂಡ ಹೋದಂದಿನಿಂದ ಅಲ್ಲಿ ಕಾಲಿಟ್ಟಿರಲಿಲ್ಲ. ಒಳಗೆ ಮಾಲು ಕಡಿಮೆ ಇತ್ತು. ಶೇಂಗಾದ ಸುಗ್ಗಿ ಇನ್ನೂ ಬಂದಿರಲಿಲ್ಲವಾದ್ದರಿಂದ ಥಪ್ಪಿ ಮೊಣಕಾಲೆತ್ತರ ಮಾತ್ರ ಇತ್ತು. ಬೆಳಕಿಂಡಿ ಅದರಿಂದ ಎಷ್ಟೋ ಮೇಲೆ, ಬರೀ ಗೋಡೆಯ ನೆತ್ತಿಯಲ್ಲಿ ಇತ್ತು. ಮಗಳು ಕೂತಿದ್ದ ಜಾಗ ಚೀಲಗಳದ್ದು. ಆ ಚೀಲಗಳು ಆಗಲೇ ಮುಂಬಯಿಗೋ ಸಾತಾರಕ್ಕೋ ಹೋಗಿ, ಗಾಣಕ್ಕೆ ಬಿದ್ದು ಎಣ್ಣೆಯಾಗಿ, ಯಾರು ಯಾರದೋ ಒಲೆಯ ಮೇಲೆ ಸುಟ್ಟು ಮುಗಿದಿದ್ದವು. ಅಲ್ಲಿ ಈಗ ಇದ್ದದ್ದು ಗಾಳಿ, ಅದರಲ್ಲಿ ತೇಲುವ ಧೂಳು. ಬಸವಣ್ಣೆವ್ವ ತಲೆ ಎತ್ತಿ ಆ ಬರಿದಾದ ಜಾಗವನ್ನು ನೋಡುತ್ತ ನಿಂತಳು. ಒಬ್ಬ ಹಮಾಲ ಬೆನ್ನ ಮೇಲೆ ಬೆಲ್ಲ ಹೊತ್ತು ಬಂದು ದಾರಿ ಬಿಡಬೇಕು ಬಾಯಿಯವರೇ ಎಂದ. ಅವಳು ಪಕ್ಕಕ್ಕೆ ಸರಿದಳು. ಹೊರೆ ಇಳಿಸಿ ಬಂದವನು ಅವಳು ಎತ್ತ ನೋಡುತ್ತಿದ್ದಾಳೆಂದು ಕಂಡು ತಾನೂ ನಿಂತ. ವಯಸ್ಸಾದ ಹಮಾಲ ಅವನು. ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡು, ಸಂಜೆ ಮನೆಗೆ ಹೋಗಿ ಇದನ್ನು ಜಾಡಿಸಿದರೆ ಸಿಪ್ಪೆ ಉದುರುತ್ತಿದ್ದವು, ನಮ್ಮ ಮಕ್ಕಳು ಆರಿಸಿ ನೋಡುತ್ತಿದ್ದರು, ಒಮ್ಮೊಮ್ಮೆ ಕಾಳೂ ಇರುತ್ತಿತ್ತು ಎಂದು ಮರಾಠಿಯಲ್ಲಿ ಹೇಳಿದ. ಕಾಳು ಬೇಕೆಂತಲೇ ಒಗೆಯುತ್ತಿದ್ದಳು ಎಂದೂ ಹೇಳಿದ.

ಬಸವಣ್ಣೆವ್ವನ ಎದೆಯಲ್ಲಿ ಏನೋ ಸ್ವಲ್ಪ ಕದಲಿತು. ಅದು ದುಃಖವೋ ಸಂತೋಷವೋ ಅವಳು ಹೇಳಲಾರಳು. ನಿಂತು ಕಾದಳು. ಅದು ಮುಂದಕ್ಕೆ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಅವಳು ಮೇಲೆ ಹೋಗಿ ಭೀಮವ್ವನಿಗೆ ಕಾಯಿಪಲ್ಯ ಹೆಚ್ಚಿಕೊಟ್ಟಳು.

ಆ ವರ್ಷವೇ ಹಳ್ಳದ ಕಡೆ ಎಲ್ಲ ಖೋಲಿಗಳಿಗೂ ಕಿಟಕಿಗಳಾದವು. ಈರಣ್ಣ ಈ ಸಲ ಎದುರು ಮಾತಾಡಲಿಲ್ಲ, ಒಂದೊಂದು ಕಿಟಕಿಯ ಮೇಲೂ ತಾನೇ ಹತ್ತಿ ಕೂತು ಎತ್ತರ ನೋಡಿ ಗುರುತು ಹಾಕಿದ. ಕೆಲವು ಬಾಡಿಗೆಯವರು ವಾಸನೆಗೆ ಬೇಸತ್ತು ಗೋಣಿತಟ್ಟು ಕಟ್ಟಿದರು, ಕೆಲವರು ತೆರೆದೇ ಇಟ್ಟರು. ತುದಿಯ ಖೋಲಿಯನ್ನು ಬಸವಣ್ಣೆವ್ವ ಯಾರಿಗೂ ಕೊಡಲಿಲ್ಲ. ತನ್ನ ಎರಡು ಸೀರೆ, ಒಂದು ಹಾಸಿಗೆ, ನಾಲ್ಕು ಪಾತ್ರೆ ತೆಗೆದುಕೊಂಡು ತಾನೇ ಅಲ್ಲಿ ಹೋಗಿ ಇದ್ದಳು. ಜನ ಏನಂದಾರು ಎಂದು ಭೀಮವ್ವ ಅತ್ತಳು. ಜನ ಸ್ವಲ್ಪ ದಿನ ಅಂದರು, ಆಮೇಲೆ ಬಿಟ್ಟರು. ಹಗಲು ಹೊತ್ತು ನೆರೆಮನೆಯ ಮಕ್ಕಳು ಕೇಳದೇ ಒಳಗೆ ಬಂದು ಕಿಟಕಿ ಹತ್ತುತ್ತಿದ್ದವು. ಅವಳು ಅವರನ್ನು ಮಾತಾಡಿಸಿದ್ದು ಕಡಿಮೆ, ಇಳಿಸಿದ್ದು ಇಲ್ಲ.

ಸೋಮವಾರ ಮಾರ್ಕೆಟ್ಟು ಬೇಗ ಮುಗಿದಾಗ ಕಾಡಪ್ಪ ಹುರಿದ ಶೇಂಗಾದ ಪೊಟ್ಟಣ ಹಿಡಿದು ಅತ್ತಿಗೆಯನ್ನು ನೋಡಲು ಬರುತ್ತಿದ್ದ. ಇಬ್ಬರೂ ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂಡುತ್ತಿದ್ದರು. ಅವಳು ಶಿವಿಯ ಮಾತು ಕೇಳುತ್ತಿದ್ದಳು, ಅವನು ನೆನಪಾದದ್ದು ಹೇಳುತ್ತಿದ್ದ. ಒಂದು ಸಲ ಬೆಲ್ಲ ಕದ್ದಿದ್ದು, ಒಂದು ಸಲ ಚೀಲದ ಮೇಲೇ ನಿದ್ದೆ ಹೋಗಿದ್ದು, ಮಳೆ ಬಂದಾಗ ಬೆಳಕಿಂಡಿಯಿಂದ ಕೈ ಹೊರಗೆ ಹಾಕಿ ತೋಯಿಸಿಕೊಂಡು ಬಂದು ಕಾಕಾನ ಕುತ್ತಿಗೆಗೆ ತಣ್ಣಗೆ ಹಚ್ಚಿದ್ದು. ಬರುಬರುತ್ತ ಅವನಿಗೆ ಹೇಳಲು ಹೊಸದೇನೂ ಉಳಿಯಲಿಲ್ಲ. ಹೇಳಿದ್ದನ್ನೇ ಹೇಳತೊಡಗಿದ. ಬಸವಣ್ಣೆವ್ವ ಶೇಂಗಾ ಸುಲಿಯುತ್ತ, ಮೊದಲ ಸಲ ಕೇಳಿದವಳಂತೆ, ಆಮ್ಯಾಲೇನಾತು ಎಂದು ಕೇಳುತ್ತಿದ್ದಳು.